ಯಾಟೋರ್ ಮೇಷ್ಟ್ರು ಹಿಡಿದ ಹಗ್ಗ

ಎಲಿಷಾ ಯಾಟೋರ್ ನನ್ನ ಮನೆಗೆ ಮೊದಲು ಬಂದ ದಿನ ಬಾಡಿಗೆ ಕೋಣೆಯನ್ನು ನೋಡಲಿಲ್ಲ, ಅಂಗಳವನ್ನು ನೋಡಿದರು. ನಾನು ಹುಳಿಹಾಲು ಮಾಡುವ ಸೋರೆಬುರುಡೆಯ ಒಳಗೆ ಇದ್ದಿಲು ಉಜ್ಜುತ್ತ ಕೂತಿದ್ದೆ. ಮೊಣಕೈವರೆಗೂ ಕಪ್ಪಾಗಿತ್ತು. ತಾಳಿ, ಕೈ ತೊಳೆದು ಬೀಗದ ಕೈ ಕೊಡುತ್ತೇನೆ ಎಂದೆ. ಅವರು ಅದಕ್ಕೆ ಕಾಯದೆ ಬೇಲಿಯಿಂದ ಗೇಟಿನವರೆಗೆ ಒಂದು ಸಲ ನಡೆದರು. ಬಲಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದರು.

"ಅಜ್ಜಿ, ಇಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಂದಷ್ಟು ಹುಡುಗ್ರು ಹುಡುಗೀರು ಬಂದು ನಿಂತ್ಕೊಂಡ್ರೆ ನಿಮಗೆ ತೊಂದ್ರೆ ಆಗತ್ತಾ?"

"ಯಾಕೆ ನಿಂತ್ಕೋತಾರೆ?"

"ಅಮೆರಿಕಕ್ಕೆ ಹೋಗಕ್ಕೆ."

"ಬಸ್ಸು ಇಲ್ಲಿ ಬರಲ್ಲ. ಸಂತೆ ಹತ್ರ ನಿಲ್ಲತ್ತೆ," ಎಂದೆ.

ಅವರು ನಗಲಿಲ್ಲ. ಮೂಗಿನಿಂದ ಉಸಿರು ಬಿಟ್ಟರು. ಅವರ ನಗು ಅಷ್ಟೇ ಎಂದು ನನಗೆ ಆಮೇಲೆ ಗೊತ್ತಾಯಿತು. ಬಾಡಿಗೆಗೆ ಚೌಕಾಸಿ ಮಾಡಲಿಲ್ಲ. ಮಾರನೆಯ ದಿನ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಚಾಪೆ ತಂದು ಹಾಕಿಕೊಂಡರು. ಬಾಗಿಲ ಮೇಲೆ ಬೋರ್ಡು ಹೊಡೆಸಿದರು. ಶಾಲೆ ಮುಗಿಸಿದ ಓಟಗಾರರನ್ನು ಅಮೆರಿಕದ ಕಾಲೇಜು ತಂಡಗಳಿಗೆ ಸೇರಿಸಿ ಕೊಡಲಾಗುವುದು, ಓದಿನ ಖರ್ಚು ಕಾಲೇಜಿನದೇ ಎಂದು ಅದರ ಮೇಲೆ ಇತ್ತು. ನಾನು ಅಕ್ಷರ ಕೂಡಿಸಿ ಓದುವವಳು. ಅಷ್ಟು ಓದಲು ನನಗೆ ಒಂದು ಬೆಳಿಗ್ಗೆ ಹಿಡಿಯಿತು.

ನಮ್ಮ ಕಪ್ಸಿರೋ, ಕಣಿವೆಯ ನೆತ್ತಿಯ ಮೇಲಿರುವ ಊರು. ಓಡುವ ಮಕ್ಕಳಿಲ್ಲದ ಮನೆ ಇಲ್ಲಿ ಕಡಿಮೆ. ಬೆಳಕು ಹರಿಯುವ ಮುಂಚೆ ರಸ್ತೆಯಲ್ಲಿ ಕಾಲಿನ ಸದ್ದು ಕೇಳದಿದ್ದರೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ತಿಳಿಯುತ್ತೇವೆ. ಹಾಗಾಗಿ ಬೋರ್ಡು ಹತ್ತಿದ ವಾರದಲ್ಲೇ ಅಂಗಳ ತುಂಬಿತು. ಎಲ್ಲರೂ ಅವರನ್ನು ಮೇಷ್ಟ್ರು ಎಂದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ.

ಪಕ್ಕದ ಕೋಣೆಯಲ್ಲಿ ರೋದಾ ಬಟ್ಟೆ ಹೊಲಿಯುತ್ತಿದ್ದಳು. ಅವಳ ಸೂಜಿಗಿಂತ ಬಾಯಿ ಚೂಪು.

"ಕೊಬಿಲೊ ಅಜ್ಜಿ, ನಿಮ್ಮ ಹೊಸ ಬಾಡಿಗೆಯವರ ಕಸುಬು ನಂದಕ್ಕಿಂತ ಸುಲಭ. ನಾನು ಅಳತೆ ತಗೊಂಡು ಲಂಗ ಹೊಲಿದು ಕೊಡ್ಬೇಕು. ಅವರು ಬರೀ ಅಳತೆ ತಗೋತಾರೆ."

"ಸುಮ್ನಿರೇ, ಕೇಳಿಸತ್ತೆ."

"ಕೇಳಿಸ್ಲಿ. ಬೇಕಾದ್ರೆ ನಂಗೂ ಒಂದು ಕಾಗದ ಬರೀಲಿ. ಬಸ್ಸಿಗೆ ನಾನೂ ಓಡ್ತೀನಿ."

ಅಳತೆ ತೆಗೆದುಕೊಳ್ಳುವುದು ನಿಜವೇ. ಪ್ರತಿ ಶನಿವಾರ ಶಾಲೆಯ ಹಿಂದಿನ ಮಣ್ಣಿನ ಮೈದಾನದಲ್ಲಿ ಮಕ್ಕಳನ್ನು ಓಡಿಸಿ, ಕೈಯಲ್ಲಿ ಗಡಿಯಾರ ಹಿಡಿದು ಸಮಯ ಬರೆದುಕೊಳ್ಳುತ್ತಿದ್ದರು. ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅದನ್ನೆಲ್ಲ ಅಲ್ಲಿನ ಕೋಚುಗಳಿಗೆ ಕಳಿಸಿ, ಮತ್ತೆ ಕಳಿಸಿ, ಉತ್ತರಕ್ಕೆ ಕಾಯುತ್ತಿದ್ದರು. ಸಂಜೆ ಇಂಗ್ಲಿಷ್ ಪರೀಕ್ಷೆಗೆ ಪಾಠ. ವೀಸಾ ಕೇಳಲು ನೈರೋಬಿಗೆ ಹೋಗುವ ಮೊದಲು ಮಕ್ಕಳಿಗೆ ಧೈರ್ಯ ಬರಲೆಂದು ನನ್ನನ್ನು ವೀಸಾ ಅಧಿಕಾರಿಯ ಹಾಗೆ ಮೇಜಿನ ಹಿಂದೆ ಕೂರಿಸುತ್ತಿದ್ದರು. "ನೀವೇನೂ ಮಾತಾಡ್ಬೇಡಿ ಅಜ್ಜಿ. ಹಾಲು ಒಡೆದಾಗ ಮುಖ ಮಾಡ್ತೀರಲ್ಲ, ಹಂಗೆ ಮಾಡ್ಕೊಂಡು ಕೂತ್ಕೊಳಿ ಸಾಕು," ಎನ್ನುತ್ತಿದ್ದರು. ವೀಸಾ ಅಧಿಕಾರಿ ನನ್ನಷ್ಟು ಹೆದರಿಸಲಿಲ್ಲ ಎಂದು ಹೋಗಿ ಬಂದ ಹುಡುಗಿಯೊಬ್ಬಳು ಹೇಳಿದಳು.

ಮೇಷ್ಟ್ರು ಹುಟ್ಟಿದ್ದು ಮಿಷನ್ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ. ತಂದೆ ಅಲ್ಲಿ ಡ್ರೈವರು. ಮೇಷ್ಟ್ರು ಶಾಲೆಯಲ್ಲಿ ಓಡುವುದನ್ನು ಅಮೆರಿಕದಿಂದ ಬಂದ ಒಬ್ಬ ಕೋಚು ಮೈದಾನದ ಅಂಚಿನಲ್ಲಿ ನಿಂತು ನೋಡಿ, ಅಲ್ಲೇ ಕೈ ಕುಲುಕಿ ಕರೆದುಕೊಂಡು ಹೋದನಂತೆ. ಅಂದು ಅವರ ಜೊತೆ ಅವರಷ್ಟೇ ಓಡುತ್ತಿದ್ದ ಗೆಳೆಯನಿಗೆ ಮಲೇರಿಯಾ ಜ್ವರ. ಮನೆಯಲ್ಲಿ ಮಲಗಿದ್ದ. ಮೇಷ್ಟ್ರು ಅಲ್ಲಿ ಹಿಮದಲ್ಲಿ ಓಡಿದರು, ಓದಿದರು, ಮಂಡಿ ಕೆಡಿಸಿಕೊಂಡರು, ವಾಪಸ್ಸು ಬಂದರು. ಬಂದು ನೋಡಿದರೆ ಗೆಳೆಯ ಬೈಕಿನಲ್ಲಿ ಜನರನ್ನು ಕೂರಿಸಿಕೊಂಡು ಸಂತೆಗೆ ಬಿಡುತ್ತಿದ್ದ.

"ಅವತ್ತು ಅವನ ಪರವಾಗಿ ಯಾರಾದ್ರೂ ಒಂದು ಕಾಗದ ಹಾಕಿದ್ರೆ ಅವನೂ ಹೋಗ್ತಿದ್ದ ಅಜ್ಜಿ. ಅಷ್ಟೇ ಅನ್ಕೊಂಡಿದ್ದೆ. ಕಾಗದ ಹಾಕೋರು ಇಲ್ಲ, ಅದೊಂದೇ ಕೊರತೆ ಅಂತ," ಎಂದು ಒಂದು ದಿನ ಚಹಾ ಕುಡಿಯುತ್ತ ಹೇಳಿದರು.

"ಈಗ?"

"ಈಗ ಕಾಗದ ಹಾಕ್ತಾ ಇದೀನಲ್ಲ. ಕೊರತೆ ಎಲ್ಲೆಲ್ಲಿದೆ ಅಂತ ಕಾಣ್ತಾ ಇದೆ."

ಅವರು ಹೇಳಿದ್ದನ್ನು ನಾನು ತಿಳಿದ ಮಟ್ಟಿಗೆ ಹೇಳುತ್ತೇನೆ. ಬಹಳ ಜೋರಾಗಿ ಓಡುವ ಮಕ್ಕಳಿಗೆ ಅವರು ಬೇಕಾಗಿರಲಿಲ್ಲ. ಅಂಥವರ ಹೆಸರು ಜಿಲ್ಲೆಯ ಓಟ ಮುಗಿಯುವಷ್ಟರಲ್ಲಿ ಅಲ್ಲಿಗೆ ತಲುಪಿರುತ್ತದೆ, ಕೋಚುಗಳೇ ಫೋನು ಮಾಡುತ್ತಾರೆ. ನಿಧಾನಕ್ಕೆ ಓಡುವವರಿಗೆ ಎಷ್ಟು ಕಾಗದ ಹಾಕಿದರೂ ಉತ್ತರ ಬರುವುದಿಲ್ಲ. ಕಾಗದ ಚೆನ್ನಾಗಿದೆ ಎಂದು ಯಾರೂ ಓಟಗಾರನನ್ನು ಕರೆಯುವುದಿಲ್ಲ. ನಡುವೆ ಕೆಲವರು ಇರುತ್ತಾರೆ. ಅವರ ಓಟ ಸಾಕು, ಅಂಕ ಸಾಕು, ಆದರೆ ಯಾವ ಕಾಲೇಜನ್ನು ಕೇಳಬೇಕು, ಹೇಗೆ ಕೇಳಬೇಕು ಎಂದು ತಿಳಿಯದು. ಅವರಿಗೆ ಮೇಷ್ಟ್ರು ಬೇಕು. ವರ್ಷಕ್ಕೆ ಅಂಥವರು ಇಬ್ಬರೋ ಮೂವರೋ. ಅಂಗಳ ತುಂಬ ನಿಂತವರೆಲ್ಲ ತಾವು ಅಂಥವರು ಎಂದುಕೊಂಡು ನಿಂತವರು.

ಆಗದಿದ್ದಾಗ ಮನೆಯವರು ಬಂದು ಕೂಗಾಡುತ್ತಿದ್ದರು. ಮೇಷ್ಟ್ರು ತೆಗೆದುಕೊಂಡ ಫೀಸಿನಲ್ಲಿ ಅರ್ಧ ಹಿಂದಕ್ಕೆ ಕೊಡುತ್ತಿದ್ದರು. ಅವರು ಬೈದುಕೊಂಡು ಹೋಗುತ್ತಿದ್ದರು. ಅಲ್ಲಿಗೆ ಮುಗಿಯುತ್ತಿತ್ತು. ಒಬ್ಬ ಬಹಳ ಜೋರಾಗಿ ಓಡುವ ಹುಡುಗ ಹೋದಾಗ ಅವನ ತಂದೆ ಬಂದು ಮೇಷ್ಟ್ರ ಅಂಗೈಗೆ ಉಗುಳಿ ಹರಸಿ ಹೋದ. ಅವತ್ತು ಮೇಷ್ಟ್ರು ತುಂಬ ಹೊತ್ತು ಕೈ ತೊಳೆಯದೆ ಕೂತಿದ್ದರು. "ನಾನು ಮಲಗಿದ್ರೂ ಆ ಹುಡುಗ ಹೋಗ್ತಿದ್ದ," ಎಂದರು. "ಬೈಗುಳನೂ ಪುಕ್ಕಟೆ, ಹಾರೈಕೆನೂ ಪುಕ್ಕಟೆ. ಎರಡೂ ನಂದಲ್ಲ."

ಕಿಮೊಸೊಪ್ ಬಂದದ್ದು ಎರಡನೆಯ ವರ್ಷದ ನವೆಂಬರಿನಲ್ಲಿ, ಮಳೆ ಮುಗಿದ ಮೇಲೆ. ಅವರು ಕಣಿವೆಯವರು, ಜೇನು ಸಾಕುವವರು. ಕೆಳಗಿನಿಂದ ನಮ್ಮ ಊರಿಗೆ ಹತ್ತುವ ದಾರಿ ಬರಿಗೈಯಲ್ಲಿ ಬಂದವರಿಗೂ ಏದುಸಿರು ತರುತ್ತದೆ. ಅವರು ಒಂದು ಕೆಂದ ಹಸುವನ್ನು ಹೊಡೆದುಕೊಂಡು ಬಂದಿದ್ದರು. ಹಿಂದೆ ಮಗಳು ಜೆಮೈಯೊ, ಶಾಲೆಯ ಸ್ವೆಟರಿನಲ್ಲಿ. ಆ ತಿಂಗಳಷ್ಟೇ ಶಾಲೆ ಮುಗಿಸಿದ್ದಳು.

"ಇವಳು ನಮ್ಮ ಹುಡುಗಿ. ಜಿಲ್ಲೇಲಿ ಓಡಿದಾಳೆ," ಎಂದರು ಕಿಮೊಸೊಪ್. "ಇದು ನಮ್ಮ ಹಸು."

ಮೇಷ್ಟ್ರು ಹಸುವನ್ನು ನೋಡಿದರು, ನನ್ನನ್ನು ನೋಡಿದರು. "ಯಜಮಾನ್ರೇ, ನನ್ನ ಫೀಸು ದುಡ್ಡಲ್ಲಿ. ಇವತ್ತೇ ಸಂತೆ ಇದೆ. ಮಾರಿಬಿಟ್ಟು ಬನ್ನಿ."

"ಮಾರೋದಾ?" ಮುದುಕರು ತಪ್ಪು ಮನೆಗೆ ಬಂದೆನೇ ಎಂಬಂತೆ ಬೋರ್ಡಿನ ಕಡೆ ನೋಡಿದರು. "ಇದರ ಅಜ್ಜಿನ ನಮ್ಮಮ್ಮ ತವರಿಂದ ಹೊಡ್ಕೊಂಡು ಬಂದಿದ್ದು. ಮಾರೋ ದನ ಆಗಿದ್ರೆ ಕೆಳಗೇ ಮಾರ್ತಿದ್ದೆ. ನಿಮ್ಮ ಹತ್ರ ಇರಿಸ್ತೀನಿ. ಹಾಲು ನಿಮ್ಮದು. ಹಸು ನಂದು, ಹುಟ್ಟೋ ಕರುನೂ ನಂದು."

ಮೇಷ್ಟ್ರಿಗೆ ಅಂದು ಬೆಳಗಿನಿಂದ ಜನ. ಒಬ್ಬಳು ತಾಯಿ ಆಗಷ್ಟೇ ಕೂಗಾಡಿ ಹೋಗಿದ್ದಳು. "ಆಯ್ತು, ಇರ್ಲಿ. ಹುಡುಗಿ ಹೋದ್ಮೇಲೆ ಲೆಕ್ಕ ನೋಡ್ಕೊಳೋಣ," ಎಂದು ಹಗ್ಗಕ್ಕೆ ಎರಡೂ ಕೈ ಚಾಚಿದರು. ಕಿಮೊಸೊಪ್ ಬೇಲಿಯ ಬುಡದಿಂದ ಒಂದು ಹಿಡಿ ಹಸಿ ಹುಲ್ಲು ಕಿತ್ತು ಹಸುವಿನ ಬೆನ್ನಿಗೆ ಸವರಿ, ಅದೇ ಹುಲ್ಲನ್ನು ಮೇಷ್ಟ್ರ ಕೈಯಲ್ಲಿಟ್ಟು ಹಗ್ಗ ಕೊಟ್ಟರು. ಹೋಗುವಾಗ "ಬರ್ತೀನಿ ನೆಂಟಾ," ಎಂದರು.

ಅವರು ಗೇಟು ದಾಟಿದ ಮೇಲೆ ನಾನು ಕೇಳಿದೆ. "ಮೇಷ್ಟ್ರೇ, ಈಗ ಏನು ಮಾಡಿದ್ರಿ ಅಂತ ಗೊತ್ತಾಯ್ತಾ?"

"ಅಡವು ಇಟ್ಕೊಂಡೆ."

"ಅಡವಲ್ಲ. ಅವರು ಇನ್ಮೇಲೆ ನಿಮ್ಮ ದನದ ನೆಂಟರು. ನಿಮ್ಮ ಮನೇಲಿ ಸಾವಾದ್ರೆ ಅವರು ತಲೆ ಬೋಳಿಸ್ಕೋತಾರೆ. ಅವರ ಮಗಳು ನಿಮ್ಮ ಮಗಳು."

"ಅಜ್ಜಿ, ನಾನು ಆಸ್ಪತ್ರೆ ಕ್ವಾರ್ಟರ್ಸಲ್ಲಿ ಬೆಳೆದೋನು. ಹಾಲು ಅಂದ್ರೆ ನಂಗೆ ಪ್ಯಾಕೆಟ್ಟು." ಅವರು ಕೈಯಲ್ಲಿದ್ದ ಹುಲ್ಲನ್ನು ಎಲ್ಲಿಡಬೇಕೆಂದು ತಿಳಿಯದೆ ಹಸುವಿನ ಮುಂದೆ ಹಿಡಿದರು. "ನಾಳೆ ವಾಪಸ್ ಕೊಟ್ಬಿಟ್ರೆ?"

"ಅವರಾಗೇ ಕೇಳೋಕೆ ಮುಂಚೆ ಹಸು ವಾಪಸ್ ಕೊಟ್ರೆ ನಿಮ್ಮ ನೆಂಟಸ್ತನ ನಂಗೆ ಬೇಡ ಅಂತ ಮುಖಕ್ಕೆ ಹೇಳ್ದಂಗೆ. ಅದಕ್ಕಿಂತ ಒಂದು ಏಟು ಹೊಡೆದ್ರೆ ವಾಸಿ. ಏಟಿಗಾದ್ರೆ ರಾಜಿ ಇದೆ."

ಹಸು ನನ್ನ ಅಂಗಳದಲ್ಲೇ ಉಳಿಯಿತು. ಕರೆಯುವುದು ನನ್ನ ಕೆಲಸವಾಯಿತು. ಮೇಷ್ಟ್ರು ಕಲಿಯಲು ಕೂತರು, ಆದರೆ ಹಸು ಅವರನ್ನು ಒಪ್ಪಲಿಲ್ಲ.

ಜೆಮೈಯೊ ಶನಿವಾರ ಶನಿವಾರ ಕಣಿವೆಯಿಂದ ಹತ್ತಿ ಬಂದು ಓಡಿ, ನನ್ನ ಬಳಿ ಮುದ್ದೆ, ಸೊಪ್ಪು ತಿಂದು ಇಳಿದು ಹೋಗುತ್ತಿದ್ದಳು. ಅವಳ ಓಟ ನಾನೂ ನೋಡಿದ್ದೇನೆ. ನಡುವೆ ನಿಲ್ಲಿಸಿದವಳಲ್ಲ, ಸೊಂಟ ಹಿಡಿದುಕೊಂಡವಳಲ್ಲ. ಎಲ್ಲರ ಜೊತೆ ಹೊರಡುವಳು, ಮೂರು ಸುತ್ತಿನವರೆಗೆ ಎಲ್ಲರ ಬೆನ್ನಿಗೇ ಇರುವಳು, ಆಮೇಲೆ ಆ ಬೆನ್ನುಗಳು ದೂರವಾಗುತ್ತಿದ್ದವು. ಕೋಚುಗಳು ಕೇಳುವಷ್ಟು ಜೋರಾಗಿ ಓಡುವವರು ಗೆರೆ ಮುಟ್ಟಿದಾಗ ಅವಳು ಇನ್ನೂ ಮೈದಾನದ ಆಚೆ ಬದಿಯ ತಿರುವಿನಲ್ಲಿರುತ್ತಿದ್ದಳು. ವಾರ ಕಳೆದಂತೆ ಸ್ವಲ್ಪ ಸ್ವಲ್ಪ ಸುಧಾರಿಸಿದಳು. ಸುಧಾರಿಸಿದ್ದೇ ಕಷ್ಟವಾಯಿತು. ಸುಧಾರಿಸದಿದ್ದರೆ ಮೇಷ್ಟ್ರು ಬೇಗ ಹೇಳುತ್ತಿದ್ದರೇನೋ.

ಶಾಲೆ ಬಿಟ್ಟು ಒಂದು ವರ್ಷದೊಳಗೆ ಕಾಲೇಜು ಸೇರಬೇಕು, ತಡವಾದಷ್ಟೂ ತಂಡದಲ್ಲಿ ಓಡುವ ವರ್ಷಗಳು ಕಡಿತವಾಗುತ್ತವೆ ಎಂಬುದು ಅಲ್ಲಿಯ ಕಾನೂನು. ಮೇಷ್ಟ್ರು ಅವಳಿಗಾಗಿ ಬರೆದಷ್ಟು ಕಾಗದ ಬೇರೆ ಯಾರಿಗೂ ಬರೆಯಲಿಲ್ಲ. ದೊಡ್ಡ ಕಾಲೇಜುಗಳಿಗೆ ಬರೆದರು, ಸಣ್ಣವಕ್ಕೆ ಬರೆದರು, ಚರ್ಚಿನ ಕಾಲೇಜುಗಳಿಗೆ ಬರೆದರು. ಒಂದೇ ಒಂದು ಕಡೆಯಿಂದ ಉತ್ತರ ಬಂತು. ಬರಲಿ, ತಂಡದಲ್ಲಿ ಓಡಲಿ, ಖರ್ಚು ಅವಳದೇ ಎಂದು. ಆ ಖರ್ಚಿಗೆ ಕಣಿವೆಯ ದನವೆಲ್ಲ ಮಾರಿದರೂ ಸಾಲದು. ಆ ಕಾಗದವನ್ನು ಮೇಷ್ಟ್ರು ತಂದೆ ಮಗಳಿಗೆ ತೋರಿಸಲೂ ಇಲ್ಲ.

ಕಿಮೊಸೊಪ್ ಸಂತೆಯ ದಿನ ಜೇನು ಮಾರಲು ಬಂದರೆ ನಮ್ಮ ಗೇಟಿಗೆ ಬರದೆ ಹೋಗುತ್ತಿರಲಿಲ್ಲ. ಹಸುವಿನ ಗೊರಸು ನೋಡುವರು, ಕಿವಿಯಲ್ಲಿ ಉಣ್ಣೆಹುಳ ಇದೆಯೇ ನೋಡುವರು, ಮೇಷ್ಟ್ರಿಗೆ ಒಂದು ಡಬ್ಬಿ ಜೇನು ಕೊಡುವರು. ಚಹಾ ಕುಡಿಯುತ್ತ ಮಳೆಯ ಮಾತು, ಮೇಕೆಗಳಿಗೆ ಬಂದ ಕಾಯಿಲೆಯ ಮಾತು. ಮಗಳ ಮಾತು ಒಂದು ದಿನವೂ ಎತ್ತಲಿಲ್ಲ. ಹಸು ಹಿಡಿದ ನೆಂಟನನ್ನು ನನ್ನ ಕೆಲಸ ಏನಾಯಿತು ಎಂದು ಕೇಳುವುದು ಅವರ ಪಾಲಿಗೆ ಮರ್ಯಾದೆ ಬಿಟ್ಟ ಮಾತು. ಬೇರೆಯವರ ಕೂಗಾಟಕ್ಕೆ ಹೆದರದ ಮೇಷ್ಟ್ರು ಈ ಮೌನಕ್ಕೆ ಹೆದರಿದರು. ಒಂದು ಸಂತೆಯ ದಿನ ಮುದುಕರ ಟೋಪಿ ರಸ್ತೆಯ ತಿರುವಿನಲ್ಲಿ ಕಂಡದ್ದೇ ಹಿತ್ತಲಿನ ಕಕ್ಕಸಿಗೆ ಹೋಗಿ ಅಗುಳಿ ಹಾಕಿಕೊಂಡರು.

"ಮೇಷ್ಟ್ರೇ," ಎಂದು ರೋದಾ ಬಾಗಿಲು ತಟ್ಟಿದಳು, "ನಿಮ್ಮ ನೆಂಟರು ಎರಡನೇ ಲೋಟ ಚಹಾ ಕೇಳಿದ್ರು. ನೀವು ಅಲ್ಲೇ ಇರ್ತೀರಾ, ಇಲ್ಲ ಅಲ್ಲಿಗೇ ಕಳಿಸ್ಲಾ?"

ಹಸು ಕರು ಹಾಕಿತು. ಹೆಣ್ಣು ಕರು. ಮುದುಕರು ಅದನ್ನು ನೋಡಲೆಂದೇ ಹತ್ತಿ ಬಂದು, ನೆಂಟನ ಕೈಗುಣ ಒಳ್ಳೆಯದು ಎಂದು ಹೊಗಳಿ ಹೋದರು. ಅವತ್ತು ಮೇಷ್ಟ್ರು ಊಟ ಮಾಡಲಿಲ್ಲ.

ಜೂನ್ ಕಳೆದ ಮೇಲೆ ಒಂದು ಶನಿವಾರ ಜೆಮೈಯೊ ಊಟ ಮುಗಿಸಿಯೂ ಎದ್ದು ಹೋಗಲಿಲ್ಲ. ನನ್ನ ಪಾತ್ರೆಗಳನ್ನೆಲ್ಲ ತೊಳೆದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

"ಏನು ಹೇಳ್ಬೇಕು ಹೇಳು," ಎಂದೆ. "ಪಾತ್ರೆ ತೂತಾಗತ್ತೆ."

"ಅಜ್ಜಿ, ನಮ್ಮ ಸೋದರಮಾವ ಎಲ್ಡೊರೆಟ್ ಆಚೆ ಒಂದು ನರ್ಸಿಂಗ್ ಶಾಲೇಲಿ ಅಡುಗೆ ಮಾಡ್ತಾನೆ. ನನ್ನ ಅಂಕ ತೋರ್ಸಿದ್ದ. ನಂಗೆ ಸೀಟು ಕೊಟ್ಟಿದಾರೆ. ಸೆಪ್ಟೆಂಬರಲ್ಲಿ ಸೇರ್ಬೇಕು."

"ಒಳ್ಳೇದಾಯ್ತಲ್ಲ."

"ಅಪ್ಪ ಬೇಡ ಅಂತಾನೆ. ಹಸು ಮೇಷ್ಟ್ರ ಹತ್ರ ಇದೆ, ಕರುನೂ ಹಾಕಿದೆ. ಈಗ ನಿನ್ನ ಬೇರೆ ಕಡೆ ಕಳಿಸಿದ್ರೆ ನೆಂಟನ್ನ ನಂಬಲಿಲ್ಲ ಅಂತ ಆಗತ್ತೆ, ನಾನು ಆ ಮನೆ ಮುಂದೆ ಹೆಂಗೆ ಹೋಗ್ಲಿ ಅಂತಾನೆ."

"ನಿಂಗೆ ಯಾವ್ದು ಬೇಕು?"

"ಅಮೆರಿಕ ಯಾರಿಗೆ ಬೇಡ ಅಜ್ಜಿ? ಆದ್ರೆ ಶನಿವಾರ ನನ್ನ ಮುಂದೆ ಓಡೋರ ಬೂಟು ಎಲ್ಲೆಲ್ಲಿ ಸವೆದಿದೆ ಅಂತ ನಂಗೆ ಗೊತ್ತು. ಅವರಿಗೆ ನನ್ನ ಬೂಟು ಯಾವ ಬಣ್ಣ ಅಂತಾನೂ ಗೊತ್ತಿಲ್ಲ." ಕೈ ಒರೆಸಿಕೊಂಡಳು. "ನಾನು ಅಪ್ಪಂಗೆ ಹೇಳಕ್ಕಾಗಲ್ಲ. ಮೇಷ್ಟ್ರು ಹೇಳ್ಬಹುದು. ಅವರು ಹೇಳ್ದೆ ಇದ್ರೆ ಎರಡೂ ಹೋಗತ್ತೆ."

ಅದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಕಂಪ್ಯೂಟರಿನ ಮುಂದೆ ಕೂತಿದ್ದರು. ತಿರುಗಲಿಲ್ಲ.

"ಇನ್ನೊಂದು ಕಡೆ ಬರೆದಿದೀನಿ ಅಜ್ಜಿ. ಸಣ್ಣ ಕಾಲೇಜು. ಹೋದ ವರ್ಷ ಅವರ ತಂಡದಲ್ಲಿ ಇಬ್ರು ಬಿಟ್ಟು ಹೋದ್ರು. ಉತ್ತರ ಬರ್ಬಹುದು."

"ಬರತ್ತಾ?"

"ಬರ್ಬಹುದು ಅಂದೆ."

"ಮೇಷ್ಟ್ರೇ, ಆ ಹುಡುಗಿ ಸಾಲಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಅವರು ಕನ್ನಡಕ ತೆಗೆದು ಕಣ್ಣುಗಳನ್ನು ಅಂಗೈಯಿಂದ ಒತ್ತಿಕೊಂಡರು. "ಮೊದಲ್ನೇ ಶನಿವಾರ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಹೇಳಿ, ಬೈಸ್ಕೊಂಡು, ಅರ್ಧ ದುಡ್ಡು ಕೊಟ್ಟು ಕಳಿಸ್ತಿದ್ದೆ. ಇವರಿಗೆ ಅರ್ಧ ಹಸು ಹೆಂಗೆ ಕೊಡ್ಲಿ?"

ಆ ಕಾಲೇಜಿನಿಂದ ಉತ್ತರ ಬರಲಿಲ್ಲ. ಜುಲೈ ಹೋಯಿತು. ಮೇಷ್ಟ್ರು ಸಣ್ಣಗಾದರು. ಬೆಳಿಗ್ಗೆ ಮಕ್ಕಳು ಬಂದು ನಿಂತರೂ ಬಾಗಿಲು ತೆರೆಯಲು ತಡಮಾಡುತ್ತಿದ್ದರು. ಆಗಸ್ಟಿನ ಒಂದು ಶನಿವಾರ ಜೆಮೈಯೊ ಹಿಂದೆಂದೂ ಓಡದ ಹಾಗೆ ಓಡಿದಳು. ಮುಗಿಸಿ ಹುಲ್ಲಿನ ಮೇಲೆ ಅಂಗಾತ ಬಿದ್ದಳು, ಎದೆ ಏರಿ ಇಳಿಯುತ್ತಿತ್ತು. ಉಳಿದ ಮಕ್ಕಳೆಲ್ಲ ಬಂದು ತಮ್ಮ ಸಮಯ ಕೇಳಿದರು. ಅವಳು ಕೇಳಲಿಲ್ಲ. ಮೇಷ್ಟ್ರು ಗಡಿಯಾರ ನೋಡಿ, ಏನನ್ನೂ ಬರೆದುಕೊಳ್ಳದೆ ಜೇಬಿಗೆ ಹಾಕಿಕೊಂಡರು. ಅವಳ ಪಕ್ಕಕ್ಕೆ ಹೋಗಿ ನಿಂತು, "ಚೆನ್ನಾಗಿ ಓಡಿದೆಯಮ್ಮ," ಎಂದರು. ಅವಳು ಕಣ್ಣು ತೆರೆಯದೆ "ಗೊತ್ತು ಮೇಷ್ಟ್ರೇ," ಎಂದಳು.

ಮೇಷ್ಟ್ರು ಮನೆಗೆ ಬಂದವರೇ ಹಸುವಿನ ಹತ್ತಿರ ಹೋಗಿ ನಿಂತರು. "ಅಜ್ಜಿ, ಕರುನೂ ಇಳಿಯತ್ತಾ ಆ ದಾರೀಲಿ?"

"ಇಳಿಯತ್ತೆ. ನಿಮ್ಮ ಮಂಡಿ ಇಳಿಯತ್ತಾ ನೋಡ್ಕೊಳಿ."

ಸೋಮವಾರ ಬೆಳಿಗ್ಗೆ ಹೊರಟೆವು. ಹಸು ಅವರ ಮಾತು ಕೇಳುವುದಿಲ್ಲವೆಂದು ನಾನೂ ಹೋದೆ. ದಾರಿಯುದ್ದಕ್ಕೂ ಅವರು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರೆಂದು ತುಟಿ ಆಡುವುದರಿಂದ ತಿಳಿಯುತ್ತಿತ್ತು. ಕೆಳಗಿಳಿದಂತೆ ಸೆಕೆ ಏರಿತು. ಎದುರು ಬಂದವರು ಹಸುವನ್ನು ನೋಡಿ, ಅದು ಯಾವ ಕಡೆ ಮುಖ ಮಾಡಿದೆ ಎಂದು ನೋಡಿ, ನಮಸ್ಕಾರ ಹೇಳದೆ ಪಕ್ಕಕ್ಕೆ ಸರಿದರು. ಆ ಹಸು ಯಾರದು ಎಂದು ಕಣಿವೆಯಲ್ಲಿ ಎಲ್ಲರಿಗೂ ಗೊತ್ತು.

ಕಿಮೊಸೊಪ್ ಮನೆಯ ಮುಂದೆ ಮರದ ಜೇನುಗೂಡಿಗೆ ಮುಚ್ಚಳ ಕೂರಿಸುತ್ತಿದ್ದರು. ನಮ್ಮನ್ನು ದೂರದಿಂದಲೇ ಕಂಡಿದ್ದರು. ಏಳಲಿಲ್ಲ.

"ಹಾಲು ಕಡಿಮೆ ಆಯ್ತಾ?" ಎಂದರು.

"ಇಲ್ಲ ಯಜಮಾನ್ರೇ," ಎಂದರು ಮೇಷ್ಟ್ರು.

"ಯಾರಿಗಾದ್ರೂ ಹಾಯ್ತಾ?"

"ಇಲ್ಲ."

"ಮತ್ತೆ ಬೇಲಿ ಮುರೀತಾ? ಯಾಕೆ ಹೊಡ್ಕೊಂಡು ಬಂದ್ರಿ?"

"ನಿಮ್ಮ ಮಗಳು ಚೆನ್ನಾಗಿ ಓಡ್ತಾಳೆ. ಆದ್ರೆ ಅಲ್ಲಿಗೆ ಅಷ್ಟು ಸಾಲಲ್ಲ. ಇನ್ನು ಎಷ್ಟು ಕಾಗದ ಹಾಕಿದ್ರೂ ಆಗಲ್ಲ. ಹಸು ನನ್ನ ಹತ್ರ ಇರೋವರೆಗೂ ನೀವು ಅವಳನ್ನ ಬೇರೆ ಎಲ್ಲೂ ಕಳಿಸಲ್ಲ. ಅದಕ್ಕೇ ತಂದೆ."

ಕಿಮೊಸೊಪ್ ಮುಚ್ಚಳವನ್ನು ತೆಗೆದು, ಮತ್ತೆ ಕೂರಿಸಿದರು. "ನಾವು ಕೇಳಿದ್ವಾ? ಒಂದು ದಿನ ಆದ್ರೂ ಏನಾಯ್ತು ಅಂತ ಕೇಳಿದ್ವಾ?"

"ಕೇಳಿದ್ರೆ ಒಳ್ಳೇದಿತ್ತು."

"ನೆಂಟನ್ನ ಕೇಳ್ತಾರಾ? ಇನ್ನೂ ಎರಡು ವರ್ಷ ಆಗ್ಲಿ ಅಂದಿದ್ರೆ ಎರಡು ವರ್ಷ ಕಾಯ್ತಿದ್ವಿ."

"ಅದೇ ನಂಗೆ ಭಯ ಆಗಿದ್ದು."

ಮೇಷ್ಟ್ರು ಹಗ್ಗ ಮುಂದೆ ಚಾಚಿದರು. ಎರಡೂ ಕೈಯಲ್ಲಿ ಚಾಚಿದರು. ಮುದುಕರು ನೋಡಿದರು, ತೆಗೆದುಕೊಳ್ಳಲಿಲ್ಲ. "ನಾನು ಕರೀದೆ ಬಂದ ಹಸು ಅದು. ಆ ಹಗ್ಗ ನಾನು ಮುಟ್ಟಲ್ಲ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನದ ಮಾತು ಹೇಳುವ ದನಿಯಲ್ಲಿ ಹೇಳಿದರು. ಹಗ್ಗ ಚಾಚಿದ ಕೈ ಹಾಗೇ ಇತ್ತು. ಕರು ನೆರಳು ಹುಡುಕಿ ಮಲಗಿತು. ನಾನು ದೊಡ್ಡವಳಾದರೂ ಅಲ್ಲಿ ಬಾಯಿ ಹಾಕುವ ಹಾಗಿರಲಿಲ್ಲ. ಹಸು ನನ್ನದಲ್ಲ.

ಆಗ ಅಡುಗೆಮನೆಯಿಂದ ಜೆಮೈಯೊ ಹೊರಗೆ ಬಂದಳು. ಅಪ್ಪನ ಮುಂದಿನಿಂದಲೇ ನಡೆದು ಬಂದು ಮೇಷ್ಟ್ರ ಕೈಯಿಂದ ಹಗ್ಗ ತೆಗೆದುಕೊಂಡಳು. ಅವರ ಬೆರಳುಗಳು ಬಿಗಿಯಾಗಿದ್ದವು, ಒಂದೊಂದೇ ಬಿಡಿಸಿದಳು. ಹಸುವನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಕರುವನ್ನು ಎಬ್ಬಿಸಿ ಅದರ ಪಕ್ಕಕ್ಕೆ ತಂದುಬಿಟ್ಟಳು. ಕಿಮೊಸೊಪ್ ಎದ್ದು ಜೇನುಗೂಡನ್ನು ಹೆಗಲಿಗೆ ಹಾಕಿಕೊಂಡು ಮರಗಳ ಕಡೆ ಹೋದರು. ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎನ್ನಲಿಲ್ಲ. ಬಿಸಿಲಲ್ಲಿ ಇಳಿದು ಬಂದವರನ್ನು ಒಂದು ಲೋಟ ಚಹಾ ಕೊಡದೆ ಕಳಿಸಿದ ಮನೆಯನ್ನು ಆ ಕಣಿವೆಯಲ್ಲಿ ನಾನು ಬೇರೆ ನೋಡಿಲ್ಲ.

ಹತ್ತುವಾಗ ಮೇಷ್ಟ್ರ ಮಂಡಿ ಊದಿಕೊಂಡಿತು. ಕಲ್ಲು ಸಿಕ್ಕಲ್ಲೆಲ್ಲ ಕೂತರು. "ಇಷ್ಟು ವರ್ಷದಲ್ಲಿ ನನ್ನನ್ನ ಬೈಯದೆ ಕಳಿಸಿದೋರು ಇವರೊಬ್ರೇ," ಎಂದರು.

ಜೆಮೈಯೊ ಸೆಪ್ಟೆಂಬರಿನಲ್ಲಿ ನರ್ಸಿಂಗ್ ಶಾಲೆ ಸೇರಿದಳು. ಹಸು ಮನೆಗೆ ಬಂದಾಗಿತ್ತು. ಅವಳನ್ನು ತಡೆಯಲು ತಂದೆಗೆ ಕಾರಣ ಉಳಿದಿರಲಿಲ್ಲ. ರಜೆಯಲ್ಲಿ ಒಮ್ಮೆ ಬಂದು ನನ್ನ ರಕ್ತದೊತ್ತಡ ನೋಡಿ, ಉಪ್ಪು ಕಡಿಮೆ ತಿನ್ನಿ ಎಂದು ಗದರಿಸಿ ಹೋದಳು. ಬೆಳಿಗ್ಗೆ ಹಾಸ್ಟೆಲಿನ ಸುತ್ತ ಈಗಲೂ ಓಡುತ್ತಾಳಂತೆ. ಅಲ್ಲಿ ಅವಳ ಮುಂದೆ ಯಾರೂ ಇರುವುದಿಲ್ಲವಂತೆ.

ಅವಳ ತಂದೆ ಈಗಲೂ ಸಂತೆಗೆ ಬರುತ್ತಾರೆ. ಜೇನಿನ ಡಬ್ಬಿಗಳನ್ನು ಹೊತ್ತು ನಮ್ಮ ಗೇಟಿನ ಎದುರಿಗೆ ಬರುವ ಮೊದಲೇ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಾರೆ. ಕತ್ತು ತಿರುಗಿಸುವುದಿಲ್ಲ. ಒಮ್ಮೆ ನಾನೇ ಕೂಗಿದೆ. ನನಗೆ ನಮಸ್ಕಾರ ಹೇಳಿದರು, ಮನೆಯ ಕಡೆ ನೋಡಲಿಲ್ಲ.

ಮೇಷ್ಟ್ರು ಆಮೇಲೂ ಎರಡು ವರ್ಷ ಕೆಲಸ ಮಾಡಿದರು. ಆದರೆ ಮೊದಲ ಶನಿವಾರವೇ ಹೇಳಿಬಿಡುತ್ತಿದ್ದರು. ನಿನಗೆ ನಾನು ಬೇಡ, ನೀನೇ ಫೋನು ಮಾಡು ಎಂದು ಕೆಲವರಿಗೆ. ನಿನಗೆ ಆಗುವುದಿಲ್ಲ, ದುಡ್ಡು ಇಟ್ಟುಕೊ ಎಂದು ಉಳಿದವರಿಗೆ. ಅಂಗಳ ಖಾಲಿಯಾಯಿತು. ಜನ ಕೂಡುರಸ್ತೆಯ ಹತ್ತಿರ ಹೊಸದಾಗಿ ಬೋರ್ಡು ಹಾಕಿದ ಒಬ್ಬನ ಬಳಿ ಹೋದರು. ಅವನು ಯಾರಿಗೂ ಇಲ್ಲ ಎನ್ನುವುದಿಲ್ಲ.

"ಬಟ್ಟೆ ಸಾಲಲ್ಲ ಅಂತ ಅಳತೆ ತಗೊಳೋವಾಗ್ಲೇ ಹೇಳಿದ್ರೆ ಗಿರಾಕಿ ನಿಲ್ತಾರಾ ಮೇಷ್ಟ್ರೇ?" ಎಂದಳು ರೋದಾ. ಆಗ ಅವಳ ದನಿಯಲ್ಲಿ ಮೊನಚು ಇರಲಿಲ್ಲ. ಬಾಡಿಗೆ ತಡವಾದ ತಿಂಗಳು ಅವರ ಹರಿದ ಕೋಟನ್ನು ಪುಕ್ಕಟೆ ಹೊಲಿದು ಕೊಟ್ಟಳು.

ಆ ಎರಡು ವರ್ಷದಲ್ಲಿ ಅವರು ಕಳಿಸಿದ್ದು ಮೂವರನ್ನು. ಮೂವರೂ ನಡುವಿನವರು. ಒಬ್ಬಳು ಅಲ್ಲಿಂದ ಹಿಮದಲ್ಲಿ ನಿಂತ ಫೋಟೋ ಕಳಿಸಿದಳು. ಮೇಷ್ಟ್ರು ಅದನ್ನು ನನಗೆ ತೋರಿಸಿ, "ಇವಳಿಗೆ ನಿಜವಾಗ್ಲೂ ನಾನು ಬೇಕಾಗಿದ್ದೆ," ಎಂದು ಬಹಳ ಹೊತ್ತು ನೋಡಿದರು. ಕೊನೆಗೆ ನಕುರು ಕಡೆಯ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರ ಕೆಲಸ ಸಿಕ್ಕಿತು. ಆಗ ನಿಜವಾದ ಮೇಷ್ಟ್ರಾದರು.

ಹೊರಟ ದಿನ ಸಂತೆ ಇತ್ತು. ಬೋರ್ಡನ್ನು ತಾವೇ ಕಳಚಿದರು. ಅದರ ಹಲಗೆಯನ್ನು ನನ್ನ ಕೋಳಿಗೂಡಿಗೆ ಬಾಗಿಲಾಗಲಿ ಎಂದು ಕೊಟ್ಟರು. ಮೇಜನ್ನು ರೋದಾ ತೆಗೆದುಕೊಂಡಳು. ದಾರಿಗೆಂದು ಹುಳಿಹಾಲು ಕೊಟ್ಟೆ, ನಿಂತೇ ಕುಡಿದರು. ಬೀಗದ ಕೈ ನನ್ನ ಅಂಗೈಗೆ ಹಾಕಿ, ಚೀಲ ಹೆಗಲಿಗೇರಿಸಿ ಗೇಟಿನವರೆಗೆ ಹೋದರು. ಅಲ್ಲಿ ನಿಂತು ರಸ್ತೆಯ ಆಚೆ ಬದಿಯನ್ನು ನೋಡಿದರು. ಸಂತೆಗೆ ಹೋಗುವವರು ಹೋಗುತ್ತಿದ್ದರು. ನಾನು ಹತ್ತಿರ ಹೋದೆ. ಅವರು ನನ್ನ ಕಡೆ ತಿರುಗದೆ ಕೇಳಿದರು:

"ಅಜ್ಜಿ, ಕಿಮೊಸೊಪ್ ಇವತ್ತು ಹೋದ್ರಾ? ಈ ಕಡೆ ನೋಡಿದ್ರಾ?"